ತೋಟದ ಲೆಕ್ಕ ಬಲ್ಲವರು ಯಾವ ಉದ್ಯಮ ಹಿಡಿಯಬೇಕು?

ಸಕಲೇಶಪುರ, ಆಲೂರು ತಾಲ್ಲೂಕುಗಳ ಹುಡುಗ ಹುಡುಗಿಯರು ಓದು ಮುಗಿಸಿ ಬೆಂಗಳೂರಿಗೆ ಹೋಗುವುದು ಎರಡು ಮೂರು ತಲೆಮಾರಿನಿಂದ ನಡೆದುಬಂದದ್ದು. ಮೊದಲು ವೈದ್ಯರು, ವಕೀಲರು, ಬ್ಯಾಂಕ್ ಅಧಿಕಾರಿಗಳಾದರು. ಆಮೇಲೆ ಸಾಫ್ಟ್‌ವೇರಿಗೆ ಹೋದರು. ಈಗ ಎಂಬಿಎ ಮುಗಿಸಿದ ಹಲವರ ಕಣ್ಣು ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಮೇಲಿದೆ. ಕಂಪನಿಗಳಿಗೆ, ಸರ್ಕಾರಗಳಿಗೆ, ಸಹಕಾರ ಸಂಘಗಳಿಗೆ ಅವರ ವ್ಯವಹಾರದ ಬಗ್ಗೆ ಸಲಹೆ ಕೊಟ್ಟು ಶುಲ್ಕ ಪಡೆಯುವ ಕಸುಬು ಅದು. ಹಾನುಬಾಳು, ಹೆತ್ತೂರು, ಯಸಳೂರು, ಪಾಳ್ಯ, ಕೆಂಚಮ್ಮನ ಹೊಸಕೋಟೆ ಕಡೆಯ ಮನೆಗಳಲ್ಲಿ ಆ ಕಸುಬಿನ ಹೆಸರು ಇನ್ನೂ ಹೊಸದು. ಹಾಗಾಗಿ ಮಕ್ಕಳು ಕೇಳುವ ಮೊದಲ ಪ್ರಶ್ನೆಗೆ ಮನೆಯಲ್ಲಿ ಉತ್ತರ ಸಿಗುವುದಿಲ್ಲ: ಯಾವ ಉದ್ಯಮ ಹಿಡಿಯಬೇಕು? ಬ್ಯಾಂಕೇ, ಔಷಧವೇ, ಚಿಲ್ಲರೆ ವ್ಯಾಪಾರವೇ, ಸರ್ಕಾರಿ ಯೋಜನೆಗಳೇ, ಕೃಷಿಯೇ? ಅಥವಾ ಮೊದಲ ಕೆಲವು ವರ್ಷ ಯಾವುದಕ್ಕೂ ಅಂಟಿಕೊಳ್ಳದೆ ಎಲ್ಲದರಲ್ಲೂ ಕೈಯಾಡಿಸಬೇಕೇ?

ಈ ಪ್ರಶ್ನೆಗೆ ಇವತ್ತು ಚಲಾವಣೆಯಲ್ಲಿರುವ ಉತ್ತರಗಳನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಉದ್ಯಮದ ಬೆಳವಣಿಗೆ, ಸಂಬಳ, ಹೆಸರು ಇವೆಲ್ಲ ಆಮೇಲಿನ ಮಾತು. ಒಂದು ಉದ್ಯಮದಲ್ಲಿ ತೀರ್ಮಾನ ತಪ್ಪಿದರೆ ಆ ನಷ್ಟ ಯಾರ ತಲೆಗೆ ಬರುತ್ತದೆ ಎನ್ನುವುದು ನಿಮಗೆ ಚೆನ್ನಾಗಿ ಗೊತ್ತಿದ್ದರೆ, ಅಲ್ಲಿಂದ ಶುರುಮಾಡಿ. ಈ ಅಳತೆಗೆ ಹಿಡಿದರೆ ಕಾಫಿ ಸೀಮೆಯ ಮಕ್ಕಳಿಗೆ ಬೇರೆಯವರಿಗಿಲ್ಲದ ಬಂಡವಾಳವಿದೆ. ಸಂದರ್ಶನದಲ್ಲಿ ಅವರು ಮುಚ್ಚಿಡುವುದೂ ಅದನ್ನೇ.

ಎಲ್ಲ ಉದ್ಯಮಕ್ಕೂ ಸಲ್ಲುವ ಸಲಹೆಗಾರ ಎನ್ನುವ ಕಲ್ಪನೆ ಈ ಕಸುಬಿನ ಆರಂಭದಲ್ಲಿ ಇರಲಿಲ್ಲ. ಅಮೆರಿಕದಲ್ಲಿ 1886ರಲ್ಲಿ ಹುಟ್ಟಿದ ಆರ್ಥರ್ ಡಿ. ಲಿಟಲ್ ಕಂಪನಿಯ ಮೊದಲ ಕೆಲಸ ರಾಸಾಯನಿಕ ಪರೀಕ್ಷೆ. 1926ರಲ್ಲಿ ತಮ್ಮ ಹೆಸರಿನ ಕಂಪನಿ ಕಟ್ಟಿದ ಜೇಮ್ಸ್ ಮೆಕಿನ್ಸೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತಿದ್ದವರು. ಬಜೆಟ್ ಹಿಡಿದು ಸಂಸ್ಥೆ ನಡೆಸುವುದು ಹೇಗೆ ಎಂದು 1922ರಲ್ಲೇ ಪುಸ್ತಕ ಬರೆದಿದ್ದವರು. ಒಂದೇ ಸಲಕರಣೆಯಿಂದ ಎಲ್ಲ ಉದ್ಯಮವನ್ನೂ ಅಳೆಯಬಹುದು ಎಂಬ ನಂಬಿಕೆ ಬಲಿತದ್ದು ಆಮೇಲೆ, ಮುಖ್ಯವಾಗಿ 1963ರಲ್ಲಿ ಬ್ರೂಸ್ ಹೆಂಡರ್ಸನ್ ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಕಟ್ಟಿದ ನಂತರ. ಉತ್ಪಾದನೆ ಇಮ್ಮಡಿಯಾದಾಗಲೆಲ್ಲ ತಯಾರಿಕೆಯ ಖರ್ಚು ಒಂದು ಲೆಕ್ಕದಲ್ಲಿ ಇಳಿಯುತ್ತದೆ ಎನ್ನುವ ರೇಖೆ, ಮಾರುಕಟ್ಟೆಯ ಪಾಲನ್ನೂ ಬೆಳವಣಿಗೆಯನ್ನೂ ನಾಲ್ಕು ಚೌಕಗಳಲ್ಲಿಟ್ಟು ತೋರಿಸುವ ಪಟ, ಇವು ಸಾಬೂನಿಗೂ ಉಕ್ಕಿಗೂ ಒಂದೇ ರೀತಿ ಒಪ್ಪುತ್ತವೆ ಎಂದು ಆ ಕಾಲ ನಂಬಿತು.

ನಮ್ಮ ನೆಲದಲ್ಲಿ ಇದಕ್ಕಿಂತ ಹಳೆಯ, ನನಗೆ ಇದಕ್ಕಿಂತ ಮಾನ್ಯವಾದ ಮಾದರಿಗಳಿವೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಹಾಳುಮಾಡಿದಾಗ ನಿಜಾಮ ಸರ್ಕಾರ ಸಲಹೆಗೆ ಕರೆದದ್ದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಮುಂಬೈ ಪ್ರಾಂತ್ಯದ ಸೇವೆಯಿಂದ ಆಗಷ್ಟೇ ಬಿಡುವಾಗಿದ್ದ ಅವರು 1909ರಲ್ಲಿ ವಿಶೇಷ ಸಲಹಾ ಎಂಜಿನಿಯರ್ ಆಗಿ ಆ ಕೆಲಸ ಒಪ್ಪಿಕೊಂಡರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಆ ಸಲಹೆಯ ಫಲ. ಅಷ್ಟು ಹೊತ್ತಿಗೆ ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನೀರಿನ ಜೊತೆಗೇ ಕೆಲಸ ಮಾಡಿದ್ದರು. ಪುಣೆಯ ಖಡಕ್‌ವಾಸ್ಲಾ ಅಣೆಕಟ್ಟೆಗೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದ್ದರು. ಮೈಸೂರಿನ ದಿವಾನಗಿರಿ, ಬ್ಯಾಂಕು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಟಾಟಾ ಉಕ್ಕು ಕಂಪನಿಯ ನಿರ್ದೇಶಕ ಮಂಡಳಿ ಎಲ್ಲವೂ ಬಂದದ್ದು ನಂತರ. ನೀರೊಂದರಲ್ಲಿ ಆಳಕ್ಕೆ ಇಳಿದಿದ್ದರಿಂದಲೇ ಅವರ ಮಾತಿಗೆ ಬೇರೆ ಕಡೆಯೂ ತೂಕ ಬಂತು.

ಇನ್ನೊಬ್ಬರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದ ಅವರು ಮಲೆನಾಡಿನ ಅಡಿಕೆ ತೋಟಗಳನ್ನು ನುಂಗುತ್ತಿದ್ದ ಕೊಳೆರೋಗದ ಬೆನ್ನು ಹತ್ತಿದರು. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೇ ಗೊನೆಗಳಿಗೆ ಹೊಡೆಸುವ ಪದ್ಧತಿಯನ್ನು ಬೆಳೆಗಾರರ ಕೈಗೆ ಕೊಟ್ಟರು. ನೂರು ವರ್ಷ ದಾಟಿದರೂ ಆ ಸಲಹೆ ಇಂದಿಗೂ ಬಳಕೆಯಲ್ಲಿದೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದೂ ಅವರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದಾಗ. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ.

ಕಾಫಿ ತೋಟಗಳಲ್ಲಂತೂ ಈ ಕಸುಬಿಗೆ ಹಳೆಯ ರೂಪವೇ ಇತ್ತು. ಕಂಪನಿ ತೋಟಗಳ ಮಾಲೀಕರು ದೂರದಲ್ಲಿರುತ್ತಿದ್ದರು. ತೋಟ ನೋಡಿ ವರದಿ ಬರೆಯಲು ವಿಸಿಟಿಂಗ್ ಏಜೆಂಟ್ ಎನ್ನುವ ಅನುಭವಿ ಪ್ಲಾಂಟರ್ ಬರುತ್ತಿದ್ದ. ಗಿಡದ ಸ್ಥಿತಿ, ಮರಗಸಿಯ ಕೆಲಸ, ಗೊಬ್ಬರದ ಲೆಕ್ಕ, ಆಳಿನ ಹಾಜರಿ, ಮುಂದಿನ ಫಸಲಿನ ಅಂದಾಜು ಎಲ್ಲವೂ ಆ ವರದಿಯಲ್ಲಿರಬೇಕಿತ್ತು. ಅವನಿಗೆ ತೋಟವೊಂದೇ ಗೊತ್ತು, ಆದರೆ ಪೂರ್ತಿ ಗೊತ್ತು. ಇಂದಿನ ಕನ್ಸಲ್ಟಿಂಗ್ ಕಂಪನಿ ಮಾಡುವ ಹಲವು ಕೆಲಸಗಳನ್ನು ಅವನೊಬ್ಬನೇ ಮಾಡಿ ಹೋಗುತ್ತಿದ್ದ.

ಈಗ ಇಂದಿನ ಉತ್ತರಗಳಿಗೆ ಬರೋಣ. ಮೊದಲನೆಯದು ದೊಡ್ಡ ಕಂಪನಿಗಳ ಹಿರಿಯರ ಮಾತು: ಎರಡು ಮೂರು ವರ್ಷ ಯಾವ ಉದ್ಯಮವನ್ನೂ ಆರಿಸಬೇಡಿ. ಇಂದು ಸಿಮೆಂಟು, ನಾಳೆ ಆಸ್ಪತ್ರೆ, ನಾಡಿದ್ದು ವಿಮೆ, ಸಿಕ್ಕಿದ ಕೆಲಸ ಮಾಡಿ. ಪ್ರಶ್ನೆಯನ್ನು ಬಿಡಿಸುವ ರೀತಿ ಕಲಿಯಿರಿ. ಒಲವು ತಾನಾಗಿ ಗೊತ್ತಾಗುತ್ತದೆ. ಇದರಲ್ಲಿ ಸತ್ಯವಿದೆ. ಇಪ್ಪತ್ತಮೂರರ ವಯಸ್ಸಿನಲ್ಲಿ ತನಗೆ ಏನು ಒಗ್ಗುತ್ತದೆ ಎಂದು ಎಲ್ಲರಿಗೂ ತಿಳಿದಿರುವುದಿಲ್ಲ. ಆದರೆ ಈ ಸಲಹೆ ಸಲ್ಲುವುದು ತರಬೇತಿಗೆ ಹಣ, ಪುರುಸೊತ್ತು ಎರಡೂ ಇರುವ ಕೆಲವೇ ಕಂಪನಿಗಳಲ್ಲಿ ಕೆಲಸ ಸಿಕ್ಕವರಿಗೆ. ನಮ್ಮ ಕಡೆಯ ಬಹುಪಾಲು ಮಕ್ಕಳು ಸೇರುವುದು ಮಧ್ಯಮ ಗಾತ್ರದ ಸಂಸ್ಥೆಗಳಿಗೆ, ಲೆಕ್ಕಪರಿಶೋಧನೆಯ ಸಂಸ್ಥೆಗಳ ಸಲಹಾ ವಿಭಾಗಗಳಿಗೆ, ಬೆಂಗಳೂರಿನ ಸಂಶೋಧನಾ ಕೇಂದ್ರಗಳಿಗೆ. ಅಲ್ಲಿ ಮೊದಲ ದಿನವೇ ಒಂದು ಉದ್ಯಮದ ಗುಂಪಿಗೆ ಹಾಕುತ್ತಾರೆ. ಅವರು ಆರಿಸದಿದ್ದರೆ ಬೇರೆಯವರು ಅವರ ಪರವಾಗಿ ಆರಿಸುತ್ತಾರೆ, ಅಷ್ಟೇ. ಇನ್ನೊಂದು ಮಾತೂ ಇದೆ. ಅಂಕಿಅಂಶ ಕಲೆಹಾಕುವುದು, ವರದಿ ಸಾರಾಂಶ ಮಾಡುವುದು, ಪಟ ಬರೆಯುವುದು, ಹೊಸಬರ ಪಾಲಿಗೆ ಬರುತ್ತಿದ್ದ ಈ ಕೆಲಸಗಳನ್ನು ಈಗ ಯಂತ್ರವೂ ಮಾಡುತ್ತಿದೆ. ಎಲ್ಲದರ ಬಗ್ಗೆ ಸ್ವಲ್ಪ ತಿಳಿದವರ ಬೆಲೆ ಇಳಿಯುತ್ತಿರುವಾಗ ಒಂದರ ಬಗ್ಗೆ ಚೆನ್ನಾಗಿ ತಿಳಿದವರ ಬೆಲೆ ಉಳಿಯುತ್ತದೆ.

ಎರಡನೆಯ ಉತ್ತರ, ಬೆಳೆಯುತ್ತಿರುವ ಉದ್ಯಮದ ಬೆನ್ನು ಹಿಡಿಯಿರಿ ಎನ್ನುವುದು. ತಂದೆತಾಯಿಯರಿಗೆ ಇದು ಬೇಗ ಹಿಡಿಸುತ್ತದೆ. ನನಗೆ ಇದರಲ್ಲಿ ನಂಬಿಕೆ ಕಡಿಮೆ. ಬೆಳವಣಿಗೆಯ ಸುದ್ದಿ ಪತ್ರಿಕೆಗೆ ಬರುವ ಹೊತ್ತಿಗೆ ಆ ಸಾಲಿನಲ್ಲಿ ಸಾವಿರ ಜನ ನಿಂತಿರುತ್ತಾರೆ. ಮೂರನೆಯದು, ಉದ್ಯಮ ಬಿಡಿ, ಕೆಲಸದ ಬಗೆ ಹಿಡಿಯಿರಿ ಎನ್ನುವ ಪ್ರಾಧ್ಯಾಪಕರ ಮಾತು: ಹಣಕಾಸು, ಖರೀದಿ, ಸಾಗಣೆ, ಬೆಲೆ ನಿಗದಿ, ಸಿಬ್ಬಂದಿ. ಇದು ಮೊದಲೆರಡಕ್ಕಿಂತ ಗಟ್ಟಿ. ಖರೀದಿಯ ಒಳಹೊರಗು ತಿಳಿದವರು ಹಾಲಿನ ಒಕ್ಕೂಟದಲ್ಲೂ ಬದುಕಬಲ್ಲರು, ಮೋಟಾರು ಕಾರ್ಖಾನೆಯಲ್ಲೂ ಬದುಕಬಲ್ಲರು. ಆದರೆ ಬೆಲೆ ನಿಗದಿ ಎನ್ನುವ ವಿದ್ಯೆಯನ್ನು ಗಾಳಿಯಲ್ಲಿ ಕಲಿಯಲಾಗದು. ಯಾವುದೋ ಒಂದು ಸರಕಿನ ಬೆಲೆಯ ಮೇಲೆ ಕೈಯಿಟ್ಟೇ ಕಲಿಯಬೇಕು.

ಆ ಸರಕು ಕಾಫಿಯೇ ಏಕಾಗಬಾರದು? ಇಲ್ಲಿ ಸ್ವಲ್ಪ ನಿಂತು ನೋಡಬೇಕು.

1942ರ ಕಾಫಿ ಕಾಯ್ದೆ ಬಂದ ಮೇಲೆ ಸುಮಾರು ಐದು ದಶಕ ಬೆಳೆಗಾರನಿಗೆ ಮಾರುವ ಚಿಂತೆ ಇರಲಿಲ್ಲ. ಬೆಳೆದದ್ದನ್ನು ಕಾಫಿ ಮಂಡಳಿಯ ಪೂಲ್‌ಗೆ ಹಾಕಬೇಕಿತ್ತು. ಮಂಡಳಿ ಹರಾಜು ಹಾಕಿ ಕಂತು ಕಂತಾಗಿ ಹಣ ಕೊಡುತ್ತಿತ್ತು. ಹಣ ತಡವಾಗುತ್ತದೆ ಎಂಬ ಗೊಣಗಾಟವಿದ್ದರೂ ಯಾವಾಗ ಮಾರಬೇಕು, ಯಾರಿಗೆ ಮಾರಬೇಕು ಎಂಬ ತೀರ್ಮಾನದ ಭಾರ ಅವನ ಮೇಲಿರಲಿಲ್ಲ. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿಯಿತು. 1991ರಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992–93ರಿಂದ ಪೂಲ್ ಸಡಿಲವಾಗುತ್ತ ಬಂದು 1996ರ ಹೊತ್ತಿಗೆ ಪೂರ್ತಿ ಹೋಯಿತು. ಅಂದಿನಿಂದ ಪ್ರತಿ ಬೆಳೆಗಾರನೂ ವ್ಯಾಪಾರಿಯಾಗಲೇಬೇಕಾಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿದ್ದನ್ನು ನೋಡಿ ತೋಟ ವಿಸ್ತರಿಸಿದವರು 2001ರಲ್ಲಿ ನ್ಯೂಯಾರ್ಕಿನ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿದಾಗ ಸಾಲದಲ್ಲಿ ಸಿಕ್ಕಿಬಿದ್ದರು. ಅದೇ ಬೆಲೆ 2025ರ ಫೆಬ್ರುವರಿಯಲ್ಲಿ 4 ಡಾಲರ್ ದಾಟಿತು. ಒಂದೇ ತಲೆಮಾರು ತನ್ನ ಫಸಲಿನ ಬೆಲೆ ಎಂಟು ಪಟ್ಟು ಆಚೀಚೆ ಆಗುವುದನ್ನು ಕಂಡಿದೆ.

ಈ ಸೀಮೆಯಲ್ಲಿ ಬೆಳೆದ ಮಗುವಿಗೆ ಊಟದ ಹೊತ್ತಿನ ಮಾತಿನಲ್ಲೇ ಇದೆಲ್ಲ ಕಿವಿಗೆ ಬಿದ್ದಿರುತ್ತದೆ. ಅರೇಬಿಕಾದ ಬೆಲೆ ನ್ಯೂಯಾರ್ಕಿನಲ್ಲಿ ಸೆಂಟಿನ ಲೆಕ್ಕ, ರೊಬಸ್ಟಾದ ಬೆಲೆ ಲಂಡನ್ನಿನಲ್ಲಿ ಟನ್ನಿಗೆ ಡಾಲರ್ ಲೆಕ್ಕ, ಸಕಲೇಶಪುರದ ವ್ಯಾಪಾರಿ ಹೇಳುವುದು 50 ಕೆಜಿ ಚೀಲದ ಲೆಕ್ಕ. ಈ ಮೂರರ ನಡುವೆ ರೂಪಾಯಿ ಡಾಲರ್ ದರ ಬಂದು ಕೂರುತ್ತದೆ. ಒಣಗಿಸಿದ ಚೆರಿಯಾದರೆ ಔಟ್‌ಟರ್ನ್ ನೋಡಬೇಕು, ಅಂದರೆ 50 ಕೆಜಿ ಚೀಲದಿಂದ ಎಷ್ಟು ಕೆಜಿ ಬೇಳೆ ಬರುತ್ತದೆ ಎನ್ನುವುದು. ಬೇಳೆಗೆ ಕೆಜಿಗೆ 300 ರೂಪಾಯಿ ಎಂದಿಟ್ಟುಕೊಂಡರೆ 26 ಔಟ್‌ಟರ್ನ್ ಬರುವ ಚೀಲಕ್ಕೆ 7,800 ರೂಪಾಯಿ, 28 ಬರುವ ಚೀಲಕ್ಕೆ 8,400. ಇನ್ನೂರು ಚೀಲ ಬೆಳೆಯುವವನಿಗೆ ಆ ಎರಡು ಅಂಕಿಯ ವ್ಯತ್ಯಾಸವೇ 1 ಲಕ್ಷ 20 ಸಾವಿರ. ಕಣದಲ್ಲಿ ಒಣಗಿಸುವಾಗ ಎರಡು ದಿನ ಆತುರಪಟ್ಟರೆ, ಮೋಡ ಕಂಡು ಟಾರ್ಪಾಲು ಹೊದಿಸುವುದು ತಡವಾದರೆ ಏನಾಗುತ್ತದೆ ಎಂಬುದು ಈ ಲೆಕ್ಕದಲ್ಲಿ ಬರುತ್ತದೆ. ಗುಣಮಟ್ಟ, ದಾಸ್ತಾನು, ವಿದೇಶಿ ವಿನಿಮಯ, ಬೆಲೆಯ ಅಪಾಯ ಎಂದು ಬಿಸಿನೆಸ್ ಶಾಲೆಗಳು ಬೇರೆ ಬೇರೆ ಪತ್ರಿಕೆಗಳಲ್ಲಿ ಕಲಿಸುವುದು ಇಲ್ಲಿ ಒಂದೇ ಅಂಗಳದಲ್ಲಿ ನಡೆಯುತ್ತದೆ.

ಮಳೆಯ ವಿಷಯ ತೆಗೆದುಕೊಳ್ಳಿ. ಮಾರ್ಚ್, ಏಪ್ರಿಲ್ ಹೊತ್ತಿನ ಹೂಮಳೆ, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ, ಇವೆರಡು ತಪ್ಪಿದರೆ ವರ್ಷದ ಫಸಲು ಹೋದಂತೆ. ಕಾಫಿ ಮಂಡಳಿಯೂ ಕೃಷಿ ವಿಮಾ ಕಂಪನಿಯೂ ಸೇರಿ ಮಳೆಯಾಧಾರಿತ ವಿಮೆಯನ್ನು ತಂದದ್ದುಂಟು. ಅಂಥ ವಿಮೆಯಲ್ಲಿ ಪರಿಹಾರ ಸಿಗುವುದು ಮಳೆಮಾಪಕ ಹೇಳಿದ ಹಾಗೆ, ತೋಟದಲ್ಲಿ ಆದ ನಷ್ಟದ ಹಾಗಲ್ಲ. ಘಟ್ಟದ ಅಂಚಿನ ಹೆತ್ತೂರಿನ ಮಳೆ ಬೇರೆ, ಬೆಳಗೋಡಿನದು ಬೇರೆ, ಆಲೂರಿನ ಅರೆಮಲೆನಾಡಿನದು ಇನ್ನೂ ಬೇರೆ. ಒಂದು ಗುಡ್ಡ ದಾಟಿದರೆ ಲೆಕ್ಕ ತಪ್ಪುತ್ತದೆ. ವಿಮಾ ಉದ್ಯಮದ ಸಲಹೆಗಾರರು ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿಟ್ಟುಕೊಂಡು ವರ್ಷಗಟ್ಟಲೆ ಚರ್ಚಿಸುತ್ತಾರೆ. ಮಳೆಪುಸ್ತಕ ಬರೆಯುವ ಮನೆಯಲ್ಲಿ ಬೆಳೆದ ಹುಡುಗಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಅವಳು ವಿಮಾ ವಿಭಾಗಕ್ಕೆ ಹೋದರೂ ಹೊಸಬಳಾಗಿ ಹೋಗುವುದಿಲ್ಲ.

ಕಾನೂನಿನ ಕಡೆಗೆ ನೋಡಿದರೆ ಕೆಲಸ ಇನ್ನೂ ಹೆಚ್ಚಿದೆ. ನಮ್ಮ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ದೊಡ್ಡ ಗಿರಾಕಿಗಳು. 2023ರಲ್ಲಿ ಯುರೋಪಿಯನ್ ಒಕ್ಕೂಟ ತಂದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಾಗದಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಎಲ್ಲೆಯನ್ನೇ ಗುರುತಿಸಿ ಕೊಡಬೇಕು. ನಿಯಮ ಜಾರಿಯಾಗುವ ದಿನವನ್ನು ಎರಡು ಸಲ ಮುಂದೂಡಿದ್ದಾರೆ, ಕೈಬಿಟ್ಟಿಲ್ಲ. ಭಾರತದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ಜಮೀನಿನವರು. ಪಹಣಿ ಅಜ್ಜನ ಹೆಸರಿನಲ್ಲಿ, ಸಾಗುವಳಿ ಮೂವರು ಮೊಮ್ಮಕ್ಕಳದ್ದು, ಅಂಚಿನಲ್ಲಿ ಒಂದಿಷ್ಟು ಒತ್ತುವರಿ ಎನ್ನುವ ಸ್ಥಿತಿ ಮನೆಮನೆಯಲ್ಲೂ ಇದೆ. ಈ ಗೋಜಲನ್ನು ಬ್ರಸೆಲ್ಸ್‌ನ ನಮೂನೆಗೆ ಹೊಂದಿಸುವುದು ಉಪಗ್ರಹದ ಚಿತ್ರ ಓದುವವರೊಬ್ಬರಿಂದಲೇ ಆಗುವ ಕೆಲಸವಲ್ಲ. ಗ್ರಾಮ ಆಡಳಿತ ಅಧಿಕಾರಿಯ ಬಳಿಯೂ ಮಾತಾಡಬಲ್ಲ, ರಫ್ತುದಾರನ ಬಳಿಯೂ ಮಾತಾಡಬಲ್ಲ ಮನುಷ್ಯರು ಬೇಕು.

ತೆರಿಗೆಯ ಮಾತೂ ಹೀಗೆಯೇ. ತಾನೇ ಬೆಳೆದ ಕಾಫಿಯನ್ನು ಕ್ಯೂರ್ ಮಾಡಿ, ಅಂದರೆ ಸಿಪ್ಪೆ ತೆಗೆದು ಹಸನು ಮಾಡಿ, ಮಾರಿದರೆ ಆದಾಯದಲ್ಲಿ ನೂರಕ್ಕೆ 25 ಪಾಲು, ಹುರಿದು ಪುಡಿ ಮಾಡಿ ಮಾರಿದರೆ ನೂರಕ್ಕೆ 40 ಪಾಲು ವ್ಯಾಪಾರದ ಆದಾಯ ಎಂದು ಆದಾಯ ತೆರಿಗೆಯ ನಿಯಮ 7ಬಿ ಗೆರೆ ಎಳೆಯಿತು. ತಮ್ಮ ತೋಟದ ಹೆಸರಿನಲ್ಲೇ ಪುಡಿಯ ಪೊಟ್ಟಣ ಮಾಡಿ ಮಾರಲು ಹೊರಟ ಯುವ ಬೆಳೆಗಾರರು ಹಲವರಿದ್ದಾರೆ. ಪೊಟ್ಟಣದ ಬಣ್ಣಕ್ಕಿಂತ ಮೊದಲು ಅವರಿಗೆ ಇಂಥ ಲೆಕ್ಕ ಹೇಳುವವರು ಬೇಕು. ಪೂಲ್ ಪೂರ್ತಿ ಹೋದ 1996ರಲ್ಲೇ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಅವರಿಗೆ ತೋಟವೂ ಗೊತ್ತಿತ್ತು, ಮುಂಬೈನ ಷೇರು ಪೇಟೆಯೂ ಗೊತ್ತಿತ್ತು. ಎರಡನ್ನೂ ಬಲ್ಲವರು ಏನು ಕಟ್ಟಬಹುದು ಎಂಬುದನ್ನು ಅವರ ಕೆಲಸ ತೋರಿಸಿತು. ಬೆಳವಣಿಗೆಗೆ ತಂದ ಸಾಲ ಎಷ್ಟು ಭಾರವಾಗಬಹುದು ಎಂಬುದನ್ನು 2019ರ ಜುಲೈನಲ್ಲಿ ಆದ ಅವರ ಸಾವು ತೋರಿಸಿತು. ಈ ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕು.

ಇಷ್ಟು ಹೇಳಿದ ಮೇಲೆ ಕೇಳಲೇಬೇಕಾದ ಪ್ರಶ್ನೆ: ಶುಲ್ಕ ಕೊಡುವವರು ಯಾರು? ಐದು ಎಕರೆಯ ಬೆಳೆಗಾರ ಸಲಹೆಗೆ ಹಣ ಕೊಡುವುದಿಲ್ಲ. ಕೊಡಲಾಗದು ಎನ್ನುವುದಕ್ಕಿಂತ, ಅವನಿಗೆ ಸಲಹೆ ಬಿಟ್ಟಿಯಾಗಿ ಸಿಕ್ಕಿ ಅಭ್ಯಾಸವಾಗಿದೆ. ಕಾಫಿ ಮಂಡಳಿಯ ವಿಸ್ತರಣಾ ಅಧಿಕಾರಿ, ದೋಣಿಗಾಲ್‌ನಲ್ಲಿರುವ ಸಾಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಕೇಂದ್ರ, ಗೊಬ್ಬರದಂಗಡಿ, ಪಕ್ಕದ ತೋಟದ ಹಿರಿಯರು, ಇವರೆಲ್ಲ ದುಡ್ಡಿಲ್ಲದೆ ಹೇಳುತ್ತಾರೆ. ಗೊಬ್ಬರದಂಗಡಿಯವನ ಸಲಹೆಯ ಬೆಲೆ ಔಷಧದ ಬಿಲ್ಲಿನಲ್ಲಿ ಸೇರಿರುತ್ತದೆ ಎನ್ನುವುದು ಬೇರೆ ವಿಷಯ. ಹಾಗಾಗಿ ಕಾಫಿ ಹಿಡಿದೆ ಎಂದು ನೇರ ತೋಟದ ಗೇಟಿಗೆ ಬಂದು ನಿಂತರೆ ಹೊಸ ಸಲಹೆಗಾರನ ಬದುಕು ನಡೆಯದು. ಹಣ ಇರುವುದು ಸರಪಳಿಯ ಬೇರೆ ಕೊಂಡಿಗಳಲ್ಲಿ: ರಫ್ತುದಾರರು, ಕ್ಯೂರಿಂಗ್ ವರ್ಕ್ಸ್, ಪ್ರಮಾಣೀಕರಣ ಸಂಸ್ಥೆಗಳು, ತೋಟಕ್ಕೆ ಸಾಲ ಕೊಟ್ಟ ಬ್ಯಾಂಕುಗಳು, ವಿಮಾ ಕಂಪನಿಗಳು, ಬೆಂಗಳೂರಿನ ಹೊಸ ಕಾಫಿ ಅಂಗಡಿ ಸಾಲುಗಳು, 2020ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆ. ಆರಂಭದ ಸಂಬಳ ಬ್ಯಾಂಕಿಂಗ್ ಗುಂಪಿಗೆ ಸೇರಿದ ಗೆಳೆಯನ ಸಂಬಳಕ್ಕಿಂತ ಕಡಿಮೆಯೇ ಇರಬಹುದು. ಮನೆಯ ಮೇಲೆ ಸಾಲವಿರುವ ಮಗುವಿಗೆ ಇದು ಸಣ್ಣ ಮಾತಲ್ಲ. ಅಂಥವರು ಮೊದಲು ಬ್ಯಾಂಕಿಂಗ್ ಗುಂಪಿಗೆ ಹೋಗಿ ಕೃಷಿ ಸಾಲದ ಕಡೆ ತಿರುಗಿದರೆ ನಾನು ತಪ್ಪೆನ್ನಲಾರೆ.

ಹಾಸನ ಜಿಲ್ಲೆಯ ಮಟ್ಟಿಗೆ ಕಾಫಿಯೊಂದೇ ದಾರಿಯೂ ಅಲ್ಲ. ಹಾಲು ಒಕ್ಕೂಟವಿದೆ; ಸಾವಿರಾರು ಮನೆಗಳಿಂದ ದಿನಕ್ಕೆರಡು ಬಾರಿ ಸಂಗ್ರಹಿಸಿ ಕೆಡುವ ಮೊದಲು ಮಾರಬೇಕಾದ ಸರಕಿನ ವಿದ್ಯೆ ಅಲ್ಲಿದೆ. ಪಂಜಾಬಿನಿಂದ ಬಿತ್ತನೆ ತಂದು ಬೆಳೆಯುವ ಆಲೂಗಡ್ಡೆ, ಅದನ್ನು ಕಾಡುವ ಅಂಗಮಾರಿ, ಒಂದು ವರ್ಷ ಕೈಹಿಡಿದು ಮೂರು ವರ್ಷ ಮುಳುಗಿಸುವ ಶುಂಠಿ ಇವೆ. ಶಿರಾಡಿ ಘಾಟಿಯ ಹೆದ್ದಾರಿ, ಮಂಗಳೂರು ಬಂದರಿಗೆ ಹೋಗುವ ರೈಲುದಾರಿ ಇವೆ. 2018ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಆ ದಾರಿಗಳು ಮುಚ್ಚಿದಾಗ ಸರಕು ಸಾಗಣೆಗೆ ಏನಾಯಿತು ಎಂಬುದನ್ನು ಕಂಡವರು ಸಾಗಣೆ ಉದ್ಯಮದ ಗುಂಪಿನಲ್ಲಿ ಬೇರೆಯವರಿಗಿಂತ ಮುಂದಿರುತ್ತಾರೆ. ಹೋಮ್‌ಸ್ಟೇಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಈಗ ಬೇಕಾಗಿರುವುದು ಸಲಹೆಗಿಂತ ನಿಯಂತ್ರಣ.

ಇನ್ನು, ನಷ್ಟ ಯಾರ ತಲೆಗೆ ಎನ್ನುವ ನನ್ನ ಅಳತೆಗೆ ಬರುತ್ತೇನೆ. ಸಲಹೆಗಾರನ ತಪ್ಪಿಗೆ ಸಲಹೆಗಾರ ದಂಡ ತೆರುವುದು ಅಪರೂಪ. ಅಮೆರಿಕದಲ್ಲಿ ನೋವು ನಿವಾರಕ ಅಫೀಮು ಮಾತ್ರೆಗಳ ಮಾರಾಟ ಹೆಚ್ಚಿಸಲು ಔಷಧ ಕಂಪನಿಗೆ ಸಲಹೆ ಕೊಟ್ಟ ವಿಷಯದಲ್ಲಿ ಮೆಕಿನ್ಸೆ 2021ರಲ್ಲಿ ಅಲ್ಲಿನ ರಾಜ್ಯಗಳಿಗೆ 57 ಕೋಟಿ ಡಾಲರಿಗೂ ಹೆಚ್ಚು ಹಣ ಕೊಡಲು ಒಪ್ಪಿತು. ಆ ಹೊತ್ತಿಗೆ ವ್ಯಸನಕ್ಕೆ ಬಿದ್ದು ಸತ್ತವರ ಸಂಖ್ಯೆ ಲಕ್ಷಗಳನ್ನು ದಾಟಿತ್ತು. ಆ ವರದಿಗಳನ್ನು ಬರೆದವರು ಬುದ್ಧಿವಂತರೇ ಆಗಿದ್ದರು. ಮಾರಾಟದ ಪಟದಲ್ಲಿ ಏರುವ ಗೆರೆ ಅವರಿಗೆ ಕಂಡಿತ್ತು, ಮಾತ್ರೆ ನುಂಗುವವರ ಮನೆ ಕಂಡಿರಲಿಲ್ಲ.

ನಮ್ಮಲ್ಲೂ ಸಣ್ಣ ಪ್ರಮಾಣದಲ್ಲಿ ಇಂಥದ್ದು ಆಗಿದೆ. ಕಾಡುಮರಗಳ ನೆರಳಿನಲ್ಲಿ ಬೆಳೆಯುತ್ತಿದ್ದ ಕಾಫಿಗೆ ಸಿಲ್ವರ್ ಓಕ್ ಹಾಕಿ ಎನ್ನುವ ಸಲಹೆ ಲೆಕ್ಕದ ಪುಸ್ತಕದಲ್ಲಿ ಸರಿಯಾಗಿಯೇ ಇತ್ತು. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯಲು ಅರಣ್ಯ ಇಲಾಖೆಯ ಅನುಮತಿಗೆ ಅಲೆಯಬೇಕಿಲ್ಲ. ಹಲಸು, ಅತ್ತಿ, ನಂದಿ ಮರಗಳು ಹೋದ ಮೇಲೆ ಹಕ್ಕಿ, ಜೇನು, ನೆಲದ ತೇವ, ಎಲೆಗೊಬ್ಬರ ಎಲ್ಲವೂ ಕಡಿಮೆಯಾದವು. ಆ ನಷ್ಟ ಯಾವ ವರ್ಷದ ಲೆಕ್ಕಕ್ಕೂ ಬರಲಿಲ್ಲ.

ಆನೆಯ ಪ್ರಶ್ನೆಯಲ್ಲಿ ಇದು ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಆಲೂರು, ಸಕಲೇಶಪುರದ ತೋಟಗಳೇ ಈಗ ಆನೆಗಳ ಮನೆ. 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಕೆಲವು ವರ್ಷಗಳಲ್ಲಿ ಸಮಸ್ಯೆ ಮತ್ತೆ ಅಷ್ಟೇ ಆಯಿತು. 2023ರ ಡಿಸೆಂಬರಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಬಂದ ದಸರಾ ಆನೆ ಅರ್ಜುನ ಯಸಳೂರು ವಲಯದಲ್ಲೇ ಪ್ರಾಣ ಬಿಟ್ಟಿತು. ನಗರದಿಂದ ಬಂದ ಸಲಹೆಗಾರ ಒಂದು ತೋಟದ ಹಾಜರಿ ಪುಸ್ತಕ ನೋಡಿ, ಬೆಳಗಿನ ಕೆಲಸ ತಡವಾಗಿ ಶುರುವಾಗುತ್ತಿದೆ, ಒಬ್ಬ ಆಳಿಗೆ ದಿನಕ್ಕೆ ಬೀಳುವ ಹಣ್ಣು ಕಡಿಮೆ ಎಂದು ಬರೆಯುತ್ತಾನೆ. ಆನೆ ಯಾವ ಬ್ಲಾಕಿನಲ್ಲಿದೆ ಎಂದು ಗೊತ್ತಾಗುವವರೆಗೆ ಹೆಂಗಸರನ್ನು ಹಣ್ಣು ಕೀಳಲು ಕಳಿಸಲಾಗದು ಎನ್ನುವುದು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಕೆಲಸದ ವೇಗ ಹೆಚ್ಚಿಸಿ ಎನ್ನುವ ಅವನ ಸಲಹೆಯನ್ನು ಅಕ್ಷರಶಃ ಪಾಲಿಸಿದರೆ ಪ್ರಾಣ ಹೋಗುವುದು ಅವನದಲ್ಲ, ಮಾಲೀಕನದೂ ಅಲ್ಲ.

ಇಲ್ಲಿ ನನ್ನ ವಾದಕ್ಕೇ ಒಂದು ತಡೆ ಹಾಕಬೇಕು. ಮನೆಯಿಂದ ಬಂದ ತಿಳಿವಳಿಕೆ ಒಂದು ಕಡೆಯ ತಿಳಿವಳಿಕೆ. ತೋಟದ ಮಾಲೀಕನ ಮಗು ಜಗುಲಿಯ ಮೇಲಿಂದ ನೋಡಿದೆ. ಅದಕ್ಕೆ ಕೂಲಿ ಎಂದರೆ ಖರ್ಚಿನ ಒಂದು ಸಾಲು. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದ ಮಗುವಿಗೆ ಅದೇ ಸಾಲು ಶಾಲೆಯ ಶುಲ್ಕ, ಔಷಧ, ಅಕ್ಕಿ. ಕಾರ್ಮಿಕರಿಗೆ ಮನೆ, ಆಸ್ಪತ್ರೆ, ಮಕ್ಕಳ ಶಾಲೆ ಕೊಡಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಹೇಳಿತ್ತು. ಅದರಲ್ಲಿ ಎಷ್ಟು ಸಿಕ್ಕಿತು, ಎಷ್ಟು ಸಿಗಲಿಲ್ಲ ಎಂದು ಆ ಮಗುವಿಗೆ ಗೊತ್ತು. ಈ ಸೀಮೆಯ ಕೂಲಿ ಕಾರ್ಮಿಕರ ಮಕ್ಕಳಲ್ಲಿ ಈಗ ಪದವಿ, ಸ್ನಾತಕೋತ್ತರ ಪದವಿ ಮುಗಿಸಿದವರಿದ್ದಾರೆ. ನನ್ನ ಅಳತೆ ಸರಿಯಾದರೆ, ಈ ಉದ್ಯಮಕ್ಕೆ ಸಲಹೆ ಕೊಡಲು ಅವರಿಗಿಂತ ಯೋಗ್ಯರಿಲ್ಲ. ಕನ್ಸಲ್ಟಿಂಗ್ ಕಂಪನಿಗಳ ಆಯ್ಕೆಯ ಸಾಲಿನಲ್ಲಿ ಅವರನ್ನು ಹುಡುಕಿ ನಿಲ್ಲಿಸುವವರು ಇನ್ನೂ ಇಲ್ಲ ಎನ್ನುವುದು ನಮ್ಮೆಲ್ಲರ ಲೋಪ.

ಹೊಸಬರಿಗೆ ನನ್ನ ಸಲಹೆ ಇಷ್ಟು. ಸಂದರ್ಶನದಲ್ಲಿ ವಿಮಾನ ಕಂಪನಿಯ ಲಾಭ ಏಕೆ ಇಳಿಯಿತು ಎಂಬ ಕಲ್ಪಿತ ಪ್ರಶ್ನೆಗೆ ತಯಾರಾಗಿ, ಬೇಡ ಎನ್ನುವುದಿಲ್ಲ. ಜೊತೆಗೆ ಒಂದು ನಿಜವಾದ ತೋಟದ ಹತ್ತು ವರ್ಷದ ಲೆಕ್ಕವನ್ನು ಬಿಡಿಸಿ ಹೇಳಲು ತಯಾರಾಗಿ: ಫಸಲು, ಮಳೆ, ಮಾರಿದ ದಿನ, ಸಿಕ್ಕ ಬೆಲೆ, ಅದೇ ತಿಂಗಳ ಅತಿ ಹೆಚ್ಚಿನ ಬೆಲೆ, ಕೂಲಿ, ಬಡ್ಡಿ. ಬಿಳಿ ಕಾಂಡಕೊರಕಕ್ಕೆ ಎಷ್ಟು ಅರೇಬಿಕಾ ಗಿಡ ಹೋಯಿತು, ಆ ಜಾಗಕ್ಕೆ ರೊಬಸ್ಟಾ ಹಾಕಿದ್ದು ಸರಿಯೇ ಎಂಬುದನ್ನು ಅಂಕಿಯಲ್ಲಿ ತೋರಿಸಿ. ಕೆಲಸ ಸಿಕ್ಕ ಮೇಲೆ ಮೊದಲ ಎರಡು ವರ್ಷ ಕಾಫಿಯ ಸರಪಳಿಗೆ ತಾಗುವ ಒಂದು ಉದ್ಯಮವನ್ನು ಕೇಳಿ ಪಡೆಯಿರಿ. ಆಹಾರ ಕಂಪನಿ, ಸರಕು ವ್ಯಾಪಾರ, ಕೃಷಿ ಸಾಲ, ವಿಮೆ, ಸಾಗಣೆ, ಯಾವುದಾದರೂ ಆದೀತು. ಊರಿಗೆ ಬಂದಾಗ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒಂದು ದಿನ, ಲೈನ್ ಮನೆಗಳಲ್ಲಿ ಒಂದು ಸಂಜೆ ಕಳೆಯಿರಿ. ಕೇಳಿದ್ದನ್ನು ಬರೆದಿಡಿ.

ಸಕಲೇಶಪುರದಲ್ಲಿರುವ ಹಾಸನ ಜಿಲ್ಲಾ ಪ್ಲಾಂಟರ್ಸ್ ಸಂಘಕ್ಕೂ ಜಿಲ್ಲೆಯ ಕಾಲೇಜುಗಳಿಗೂ ಒಂದು ಮನವಿ. ಬೆಳೆಗಾರರ ಮನೆಗಳಲ್ಲಿ ಚೆಕ್‌ರೋಲ್ ಎನ್ನುವ ಹಾಜರಿ ಪುಸ್ತಕ, ಮಳೆಪುಸ್ತಕ, ಮಾರಾಟದ ರಸೀದಿಗಳ ಕಟ್ಟುಗಳು ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿವೆ. ಅವುಗಳಿಂದ ಮಾಲೀಕರ ಹೆಸರು ತೆಗೆದು, ಪ್ರತಿ ಮಾಡಿಸಿ, ಓದುವ ಮಕ್ಕಳ ಕೈಗೆ ಕೊಡಿ. ಈ ಬೇಸಿಗೆಯಲ್ಲೇ ಹತ್ತು ತೋಟಗಳಿಂದ ಶುರುಮಾಡಬಹುದು.